ಬೆನ್ನಿಗೆ ಹತ್ತು ಸಲ ಸೂಜಿ: ಶಿವಮೊಗ್ಗದಲ್ಲಿ ಅಕ್ಯುಪಂಕ್ಚರ್ ಮಾಡಿಸಿಕೊಂಡ ಕಥೆ

ನನ್ನ ಸೊಂಟನೋವಿಗೆ ನಾಲ್ಕು ವರ್ಷ. ಶುರುವಾಗಿದ್ದು ಅಡಿಕೆ ಸುಲಿಯುವ ಟೈಮಲ್ಲಿ. ಆಳು ಸಿಗಲಿಲ್ಲ ಅಂತ ಒಂದು ವಾರ ರಾತ್ರಿ ಹನ್ನೊಂದರವರೆಗೂ ಮೆಟ್ಟುಕತ್ತಿ ಮುಂದೆ ಬಗ್ಗಿ ಕೂತಿದ್ದೆ, ಎಂಟನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಿಕ್ಕೇ ಆಗಲಿಲ್ಲ. ಆಮೇಲೆ ನೋವಿನ ಮಾತ್ರೆ, ಬೆಲ್ಟು, ಉಪ್ಪಿನ ಗಂಟಿನ ಶಾಖ, ಎಕ್ಕದ ಎಲೆ, ಎಲ್ಲಾ ಆಯ್ತು. ಎಂಆರ್‌ಐ ನೋಡಿದ ಮೂಳೆ ಡಾಕ್ಟರು "ಡಿಸ್ಕ್ ಸ್ವಲ್ಪ ಉಬ್ಬಿದೆ, ಈ ವಯಸ್ಸಿಗೆ ಮಾಮೂಲಿ, ಆಪರೇಷನ್ ಮಾತೇ ಬೇಡ, ವ್ಯಾಯಾಮ ಮಾಡಿ" ಅಂದರು. ಸಮಾಧಾನವೇನೋ ಆಯ್ತು, ಆದರೆ ಬಗ್ಗಲಿಕ್ಕೇ ಆಗದವನು ವ್ಯಾಯಾಮ ಮಾಡುವುದು ಹೇಗೆ ಮಾರಾಯ್ರೆ?

ಭಾವ ಹೇಳಿದರು ಅಂತ ಅಕ್ಯುಪಂಕ್ಚರ್ ನೋಡೋಣ ಅಂತ ಹೊರಟೆ. ಮನೆಯಲ್ಲಿ ಅಪ್ಪಯ್ಯನ ತಕರಾರು, "ಚೀನಾದವರ ಸೂಜಿ ಯಾಕೆ, ನಮ್ಮಲ್ಲಿ ನಾಟಿ ವೈದ್ಯರಿಲ್ವಾ?" ಅಂತ. ಇದು ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. 1938ರಲ್ಲಿ ಯುದ್ಧದಲ್ಲಿ ಗಾಯಗೊಂಡವರ ಚಿಕಿತ್ಸೆಗೆ ಅಂತ ನಮ್ಮ ದೇಶದಿಂದ ಚೀನಾಕ್ಕೆ ಹೋದ ಐದು ಜನ ಡಾಕ್ಟರುಗಳಲ್ಲಿ ಕೋಟ್ನಿಸ್ ಹೆಸರು ಅಪ್ಪಯ್ಯನಿಗೂ ಗೊತ್ತು. ಅದೇ ತಂಡದಲ್ಲಿದ್ದ ಬಿ.ಕೆ. ಬಸು ಮುಂದೆ ಈ ವಿದ್ಯೆ ಕಲಿತು ಕೋಲ್ಕತ್ತಾಕ್ಕೆ ತಂದರು. ಇಷ್ಟು ಹೇಳಿದ ಮೇಲೆ ಅಪ್ಪಯ್ಯ "ಹೋಗು, ದುಡ್ಡು ನಿಂದು" ಅಂದರು.

ಮೊದಲು ಹೋದ ಜಾಗದ ಹೆಸರು ಬೇಡ. ಎಂಆರ್‌ಐ ಕವರ್ ತೆಗೆಯುವ ಮೊದಲೇ 40 ಸಲದ ಪ್ಯಾಕೇಜ್ ಹೇಳಿದರು, ಅರ್ಧ ದುಡ್ಡು ಮುಂಗಡ. ಅದೂ ಹೋಗಲಿ, ಬಿಪಿ ಮಾತ್ರೆ ನಿಲ್ಲಿಸಿ, ಎಲ್ಲಾ ಸೂಜಿಯಲ್ಲೇ ಸರಿಯಾಗುತ್ತೆ ಅಂದರು. ಚಪ್ಪಲಿ ಹಾಕಿಕೊಂಡು ಎದ್ದು ಬಂದೆ. ನಿಮಗೂ ಯಾರಾದರೂ ಹೀಗಂದರೆ ಅಲ್ಲಿ ಕೂರಬೇಡಿ.

ಎರಡನೇದು ಸಣ್ಣ ಕ್ಲಿನಿಕ್, ಎರಡು ಮಂಚ, ಒಂದು ಪರದೆ. ಅದರ ಹೆಸರೂ ಹಾಕುತ್ತಿಲ್ಲ, ಯಾಕೆಂದರೆ ಇದು ಚಿಕಿತ್ಸೆ ಬಗ್ಗೆ ಬರೆಯುತ್ತಿರುವುದು, ಜಾಹೀರಾತು ಅನ್ನಿಸಬಾರದು. ಅಲ್ಲಿಯ ಮೇಡಂ ಮೊದಲ ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ರಕ್ತ ತೆಳು ಮಾಡುವ ಮಾತ್ರೆ ತಗೋತೀರಾ, ಪೇಸ್‌ಮೇಕರ್ ಇದೆಯಾ, ಶುಗರ್ ಇದೆಯಾ, ಕಾಲು ಜೋಮು ಹಿಡಿಯುತ್ತಾ, ಮೂತ್ರ ಹಿಡಿದಿಡಲು ಕಷ್ಟ ಆಗುತ್ತಾ. ಕೊನೇ ಪ್ರಶ್ನೆಗೆ ಹೌದು ಅಂದಿದ್ದರೆ ಇಲ್ಲಿ ಮುಟ್ಟುತ್ತಲೇ ಇರಲಿಲ್ಲ, ಸೀದಾ ಆಸ್ಪತ್ರೆಗೆ ಕಳಿಸುತ್ತಿದ್ದೆ ಅಂದರು. ಅಲ್ಲೇ ನಂಬಿಕೆ ಬಂತು.

ಈಗ ಸೂಜಿ ವಿಷಯ. ಇಂಜೆಕ್ಷನ್ ಸೂಜಿ ನೆನಪಿಸಿಕೊಂಡು ಹೆದರಬೇಡಿ. ಇದರ ದಪ್ಪ ಸುಮಾರು 0.25 ಮಿಲಿಮೀಟರ್, ಒಳಗೆ ಟೊಳ್ಳಿಲ್ಲ, ಕೂದಲಿನ ಹಾಗೆ ಬಾಗುತ್ತೆ. ಹೊಸ ಪ್ಯಾಕೆಟ್ ನನ್ನ ಎದುರೇ ಹರಿದರು. ಸಣ್ಣ ಪ್ಲಾಸ್ಟಿಕ್ ಕೊಳವೆ ಚರ್ಮದ ಮೇಲೆ ಇಟ್ಟು, ಬೆರಳಲ್ಲಿ ಟಕ್ ಅಂತ ಒಂದು ಏಟು, ಅಷ್ಟೇ. ಸೊಂಟದ ಎರಡೂ ಬದಿ ಹಾಕಿದ್ದು ಗೊತ್ತೇ ಆಗಲಿಲ್ಲ. ಮಂಡಿಯ ಹಿಂದೆ, ಮಡಚುವ ಗೆರೆಯ ಮಧ್ಯದಲ್ಲಿ ಹಾಕಿದ್ದು ಮಾತ್ರ ಬೇರೆ ತರ. ಚುಚ್ಚಿದ ನೋವಲ್ಲ, ಒಳಗೆ ಯಾರೋ ಭಾರದ ಕಲ್ಲಿಟ್ಟ ಹಾಗೆ, ಮೀನಖಂಡದವರೆಗೆ ಜೋಮು ಇಳಿಯಿತು. "ಬಂತಾ? ಅದು ಬರಬೇಕು ಸರ್, ಚೀನೀ ಭಾಷೆಯಲ್ಲಿ ಡೆ ಚಿ ಅಂತಾರೆ" ಅಂದರು. ಆ ಜಾಗದ ಹೆಸರು ವೇಯ್‌ಜೋಂಗ್, ಸೊಂಟ ಬೆನ್ನಿನ ತೊಂದರೆಗೆ ಅದನ್ನೇ ಹಿಡಿ ಅಂತ ಹಳೇ ಚೀನೀ ವೈದ್ಯರ ಪದ್ಯವೇ ಇದೆಯಂತೆ. ಆಮೇಲೆ ಅರ್ಧ ಗಂಟೆ ಹಾಗೇ ಬೋರಲು ಮಲಗಿಸಿ ಹೋದರು. ನಾನು ಗೊರಕೆ ಹೊಡೆದೆ.

ಮೂರನೇ ಸಲ ಕಪ್ಪಿಂಗ್ ಕೂಡ ಮಾಡಿದರು. ಗಾಜಿನ ಲೋಟದೊಳಗೆ ಸ್ಪಿರಿಟ್ ಹತ್ತಿಯ ಬೆಂಕಿ ಒಮ್ಮೆ ಆಡಿಸಿ ತಟ್ಟನೆ ಬೆನ್ನಿಗೆ ಕವುಚುವುದು, ಚರ್ಮ ಮೇಲಕ್ಕೆ ಎಳೆದುಕೊಳ್ಳುತ್ತೆ. 2016ರ ರಿಯೊ ಒಲಿಂಪಿಕ್ಸಲ್ಲಿ ಈಜುಗಾರ ಫೆಲ್ಪ್ಸ್ ಭುಜದ ಮೇಲೆ ಇದ್ದವಲ್ಲ ದುಂಡು ಕಲೆಗಳು, ಅವೇ. ಹಾಯ್ ಅನ್ನಿಸಿದ್ದು ನಿಜ, ಆದರೆ ಎರಡೇ ದಿನ. ಕಲೆ ಹತ್ತು ದಿನ ಇತ್ತು, ನೇರಳೆ ಹಣ್ಣಿನ ಬಣ್ಣ. ಸ್ನಾನಕ್ಕೆ ಬಿಸಿನೀರು ತಂದ ಹೆಂಡತಿ "ಇದೆಂತ ಇದು, ಯಾರು ಹೊಡೆದದ್ದು?" ಅಂತ ಚೆಂಬು ಬಿಟ್ಟಳು. ಮೋಕ್ಸಾ ಅಂತ ಇನ್ನೊಂದಿದೆ, ಮಾಚಿಪತ್ರೆ ಜಾತಿಯ ಸೊಪ್ಪು ಒಣಗಿಸಿ ಸುತ್ತಿದ ಬತ್ತಿಗೆ ಬೆಂಕಿ ಹಚ್ಚಿ ಚರ್ಮಕ್ಕೆ ತಾಗದಷ್ಟು ದೂರದಲ್ಲಿ ಶಾಖ ಕೊಡುವುದು. ನನಗೆ ಹೊಗೆ ಆಗಲಿಲ್ಲ, ಕೆಮ್ಮು ಬಂತು, ಬೇಡ ಅಂದೆ.

ಕೆಲಸ ಮಾಡುತ್ತಾ ಅಂತ ಕೇಳಿದರೆ, ನನಗೆ ಮಾಡಿತು, ಪೂರ್ತಿ ಅಲ್ಲ. ನಾಲ್ಕನೇ ಸಲದವರೆಗೆ ಏನೂ ಇಲ್ಲ, ದುಡ್ಡು ದಂಡ ಅಂದುಕೊಂಡೆ. ಆರನೇ ಸಲ ಆದಮೇಲೆ ಒಂದು ಬೆಳಿಗ್ಗೆ ಶೂ ಲೇಸ್ ಕಟ್ಟಿ ಎದ್ದು ನಿಂತ ಮೇಲೆ ನೆನಪಾಯಿತು, ಅರೆ, ನೋವಾಗಲಿಲ್ಲ ಅಲ್ವಾ ಅಂತ. ಹತ್ತು ಸಲ ಮುಗಿಯುವಾಗ ನೋವು ಅರ್ಧಕ್ಕೆ ಇಳಿದಿತ್ತು. ಆ ಸಡಿಲಾದ ಹೊತ್ತಲ್ಲೇ ಡಾಕ್ಟರು ಹೇಳಿದ ವ್ಯಾಯಾಮ ಶುರು ಮಾಡಿದೆ. ನನ್ನ ಪ್ರಕಾರ ನಿಜವಾದ ಲಾಭ ಅದೇ.

ಮೇಡಂ ಚಿ ಅಂದರೆ ಮೈಯಲ್ಲಿ ಹರಿಯುವ ಶಕ್ತಿ, ಅದು ಹರಿಯುವ ದಾರಿ ನಾಡಿಮಾರ್ಗ, ಆ ದಾರಿಯಲ್ಲಿ ಸೂಜಿ ಹಾಕುವ ಜಾಗ ಬಿಂದು ಅಂತೆಲ್ಲ ವಿವರಿಸಿದರು, ನನಗೆ ತಲೆಗೆ ಹೋಗಲಿಲ್ಲ. ಜರ್ಮನಿಯಲ್ಲಿ 1,162 ಜನ ಸೊಂಟನೋವಿನವರ ಮೇಲೆ ಮಾಡಿದ ಪ್ರಯೋಗ 2007ರಲ್ಲಿ ಬಂತು. ಆರು ತಿಂಗಳ ನಂತರ ನೋಡಿದರೆ ಸರಿಯಾದ ಬಿಂದುವಿಗೆ ಸೂಜಿ ಹಾಕಿಸಿಕೊಂಡವರಲ್ಲಿ 47.6 ಶೇಕಡಾ ಜನರಿಗೆ ಗುಣ ಕಂಡಿತ್ತು, ಬಿಂದು ಬಿಟ್ಟು ಎಲ್ಲೆಲ್ಲೋ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ 44.2, ಮಾತ್ರೆ ವ್ಯಾಯಾಮ ಅಂತ ಮಾಮೂಲಿ ಚಿಕಿತ್ಸೆಯವರಲ್ಲಿ 27.4. ಅಂದರೆ ಸೂಜಿಯಿಂದ ಉಪಯೋಗ ಇದೆ, ಬಿಂದುವಿನ ಮಹಿಮೆ ಮಾತ್ರ ಅನುಮಾನ. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಇದು ಬೇಡ ಅಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವ್ಯಾಯಾಮ, ಮಸಾಜ್ ಜೊತೆ ಇದನ್ನೂ ಮಾಡಿಸಬಹುದು ಅಂದಿತು. ದೊಡ್ಡವರಲ್ಲೇ ಒಮ್ಮತ ಇಲ್ಲ, ಹಾಗಾಗಿ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಆರು ಸಲದಲ್ಲಿ ಏನೂ ಅನ್ನಿಸದಿದ್ದರೆ ಸುಮ್ನೆ ನಿಲ್ಲಿಸಿ.

ಖರ್ಚು ಒಂದು ಸಲಕ್ಕೆ 500 ರೂಪಾಯಿ, ಕಪ್ಪಿಂಗ್‌ಗೆ 300 ಜಾಸ್ತಿ. ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಒಂದು ಸ್ಟಾರ್ ಕಿತ್ತದ್ದು ಕಾಯಿಸಿದ್ದಕ್ಕೆ, ಹತ್ತು ಗಂಟೆ ಅಂದರೆ ಹನ್ನೊಂದೂವರೆ, ಅದೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಸೊಂಟನೋವಿನವರಿಗೆ!

ತೀರ್ಥಹಳ್ಳಿ ಕಡೆಯಿಂದ ಹೋಗುವವರಿಗೆ ಒಂದು ಮಾತು. ಅರವತ್ತು ಕಿಲೋಮೀಟರ್ ವಾಪಸ್ ಬರಬೇಕು. ಎರಡನೇ ಸಲ ನಾನು ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಬಂದೆ, ಮಂಡಗದ್ದೆ ದಾಟುವಷ್ಟರಲ್ಲಿ ಮೇಡಂ ಬಿಡಿಸಿದ್ದನ್ನೆಲ್ಲಾ ಡ್ರೈವರ್ ಮತ್ತೆ ಕಟ್ಟಿಬಿಟ್ಟಿದ್ದ. ಮುಂದಿನ ಸೀಟು ಸಿಗದಿದ್ದರೆ ಇನ್ನೊಂದು ಬಸ್ಸಿಗೆ ಕಾಯಿರಿ.