ಹಳೆಯ ತಾಮ್ರದ ಲೈನ್‌ಗೆ ಮೈಕ್ರೋಟಿಕ್ ಹೆಕ್ಸ್: ಮಂಡ್ಯದ ಟ್ಯಾಲಿ ಮೈಸೂರಿನ ಮನೆಯಲ್ಲಿ

ಮಂಡ್ಯದ ಆಫೀಸಿನ ಟ್ಯಾಲಿಯನ್ನು ಮೈಸೂರಿನ ಮನೆಯಿಂದ ನೋಡಬೇಕು, ಆದರೆ ಆಫೀಸಿಗಿರುವುದು ಇನ್ನೂ ಹಳೆಯ ಎಡಿಎಸ್‌ಎಲ್ (ಫೋನಿನ ತಾಮ್ರದ ತಂತಿಯಲ್ಲಿ ಬರುವ ಇಂಟರ್‌ನೆಟ್) ಲೈನೇ ಎನ್ನುವವರು ಧೈರ್ಯವಾಗಿ ಕೊಳ್ಳಬಹುದಾದ ರೂಟರ್ ಮೈಕ್ರೋಟಿಕ್ ಹೆಕ್ಸ್, ಮಾಡೆಲ್ ಆರ್‌ಬಿ750ಜಿಆರ್3. ಐದು ಪೋರ್ಟ್, 256 ಎಂಬಿ ರ‍್ಯಾಮ್, ವೈ-ಫೈ ಇಲ್ಲ. ಅದರೊಳಗಿನ ಸಾಫ್ಟ್‌ವೇರ್ ರೂಟರ್‌ಓಎಸ್ ಅನ್ನು 7ಕ್ಕೆ ಏರಿಸಿದರೆ, ಮನೆ-ಆಫೀಸಿನ ನಡುವೆ ಗುಪ್ತ ಸುರಂಗ (ಟನಲ್) ಕಟ್ಟುವ ವೈರ್‌ಗಾರ್ಡ್ ಅದರಲ್ಲೇ ಸಿಗುತ್ತದೆ, 6ರಲ್ಲಿ ಇಲ್ಲ. 8ರಿಂದ 30 ವೋಲ್ಟ್ ಡಿಸಿ ತಾಳುವುದರಿಂದ 12 ವೋಲ್ಟ್‌ನ ಮಿನಿ ಯುಪಿಎಸ್‌ನಲ್ಲೇ ನಡೆಯುತ್ತದೆ. ಕರೆಂಟು ಹೋಗಿ ಬರುವ ಕಡೆ ಇದು ಸಣ್ಣ ಮಾತಲ್ಲ.

ರೂಟರ್‌ಗೆ ದುಡ್ಡು ಹಾಕುವ ಮೊದಲು ಲೈನು ನೋಡಿ. ಮೋಡೆಮ್‌ನ ಸ್ಟೇಟಸ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲ ತಾಳಲು ಉಳಿದಿರುವ ಅವಕಾಶ) 6 ಡೆಸಿಬೆಲ್‌ಗಿಂತ ಕೆಳಗಿದ್ದರೆ ಏನು ತಂದರೂ ಲೈನು ಕಡಿಯುತ್ತಲೇ ಇರಬಹುದು. ಮಳೆನೀರು ಇಳಿದ ಜಾಯಿಂಟು, ಫಿಲ್ಟರ್ ಇಲ್ಲದೆ ಸಿಕ್ಕಿಸಿದ ಪ್ಯಾರಲಲ್ ಫೋನು, ಇವೆರಡನ್ನು ಮೊದಲು ಸರಿಮಾಡಿಸಿ.

ಆಮೇಲೆ ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ (ಸಿಗ್ನಲ್ ದಾಟಿಸುವುದಷ್ಟೇ ಅದರ ಕೆಲಸ) ಹಾಕಿ, ಪಿಪಿಪಿಒಇ ಡಯಲಿಂಗ್, ಅಂದರೆ ಇಂಟರ್‌ನೆಟ್ ಕಂಪನಿಗೆ ಲಾಗಿನ್ ಆಗುವ ಕೆಲಸ ಹೆಕ್ಸ್‌ಗೆ ಕೊಡಿ. ಪಿಪಿಪಿಒಇ ಇಂಟರ್‌ಫೇಸನ್ನು ವ್ಯಾನ್ (ಹೊರಗಿನ ಇಂಟರ್‌ನೆಟ್ ಕಡೆಯ) ಲಿಸ್ಟ್‌ಗೆ ಸೇರಿಸಲು ಮರೆತರೆ ಆಫೀಸಿನವರಿಗೆ ನೆಟ್ಟೇ ಬರುವುದಿಲ್ಲ. ಸಿಕ್ಕ ಐಪಿ ವಿಳಾಸ 100.64ರಿಂದ 100.127ರೊಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ, ಅಂದರೆ ಕಂಪನಿ ಹಲವು ಗ್ರಾಹಕರಿಗೆ ಹಂಚಿದ ಒಂದೇ ಐಪಿಯ ಹಿಂದೆ ಇದ್ದೀರಿ. ಹೊರಗಿನಿಂದ ನೇರ ಸಂಪರ್ಕ ಆಗದು. ಆಗ ಒಂದು ಸಣ್ಣ ಬಾಡಿಗೆ ಸರ್ವರನ್ನು ನಡುವೆ ಇಟ್ಟು, ಹೆಕ್ಸ್‌ನಿಂದ ಅದಕ್ಕೆ ವೈರ್‌ಗಾರ್ಡ್ ಟನಲ್ ಕಟ್ಟಿ, ಸಂಪರ್ಕ ಜೀವಂತ ಇಡಲು 25 ಸೆಕೆಂಡಿನ ಕೀಪ್‌ಅಲೈವ್ ಹಾಕಬೇಕು.

ಆಫೀಸಿನ ಲ್ಯಾನ್‌ಗೆ (ಒಳಗಿನ ನೆಟ್‌ವರ್ಕ್) 192.168.1 ಸರಣಿ ಬೇಡ. ಮನೆಯ ರೂಟರ್‌ನಲ್ಲೂ ಅದೇ ಇದ್ದರೆ ಪ್ಯಾಕೆಟ್ ಮನೆಯಲ್ಲೇ ಸುತ್ತುತ್ತದೆ. ಫೈರ್‌ವಾಲ್‌ನಲ್ಲಿ ವೈರ್‌ಗಾರ್ಡ್‌ನ ಪೋರ್ಟ್ (ಯುಡಿಪಿ 51820 ಇಟ್ಟಿದ್ದರೆ ಅದು) ಬಿಡುವ ನಿಯಮ, ಎಲ್ಲವನ್ನೂ ತಡೆಯುವ ಡ್ರಾಪ್ ನಿಯಮಕ್ಕಿಂತ ಮೇಲಿರಬೇಕು. ಪ್ರತಿ ಲ್ಯಾಪ್‌ಟಾಪಿಗೂ ಬೇರೆ ಬೇರೆ ಕೀ ಮಾಡಿ. ಒಂದು ಕಳೆದುಹೋದರೆ ಹೆಕ್ಸ್‌ನಲ್ಲಿ ಅದರ ಪಿಯರ್ (ಆ ಲ್ಯಾಪ್‌ಟಾಪಿನ ನಮೂದು) ಒಂದನ್ನೇ ಅಳಿಸಿದರೆ ಸಾಕು.

ಹೆಚ್ಚಿನವರು ಸೋಲುವುದು ಎಂಟಿಯುನಲ್ಲಿ, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಬೈಟ್ ಗಾತ್ರದಲ್ಲಿ. ವೈರ್‌ಗಾರ್ಡ್ ತಾನಾಗಿ 1420 ಇಡುತ್ತದೆ, ಅದು 1500ರ ಲೈನಿನ ಲೆಕ್ಕ. ಪಿಪಿಪಿಒಇನಲ್ಲಿ ಸಿಗುವುದು 1492. ಅದರಲ್ಲಿ 80 ಕಳೆದು 1412 ಹಾಕಿ, ಎರಡೂ ಕಡೆ. ಇದು ತಪ್ಪಿದ್ದರೆ ಪಿಂಗ್ ಸರಿಯಾಗಿಯೇ ಹೋಗುತ್ತಿರುತ್ತದೆ, ರಿಮೋಟ್ ಡೆಸ್ಕ್‌ಟಾಪ್ (ಆಫೀಸಿನ ಪರದೆಯನ್ನು ಮನೆಯಲ್ಲಿ ತೋರಿಸುವ ವಿಂಡೋಸ್ ಸೌಲಭ್ಯ) ಮಾತ್ರ ಕಪ್ಪು ಪರದೆ ತೋರಿಸಿ ನಿಂತುಬಿಡಬಹುದು: ಸಣ್ಣ ಪ್ಯಾಕೆಟ್ ನುಸುಳುತ್ತದೆ, ದೊಡ್ಡದು ಬಿದ್ದುಹೋಗುತ್ತದೆ. ವಿಂಡೋಸ್‌ನಲ್ಲಿ ತುಂಡಾಗದಂತೆ 1384 ಬೈಟ್ ಪಿಂಗ್ ಮಾಡಿ ನೋಡಿ. ಹೆಡರ್‌ನ 28 ಸೇರಿ ಸರಿಯಾಗಿ 1412 ಆಗುತ್ತದೆ.

ಎರಡನೆಯ ಇಕ್ಕಟ್ಟು ಅಪ್‌ಲೋಡ್. ಆಫೀಸಿನ ಅಪ್‌ಲೋಡೇ ಮನೆಯವರ ಡೌನ್‌ಲೋಡ್. ಎಡಿಎಸ್‌ಎಲ್ ಡೇಟಾ ಸಾಗಿಸುವ ಎಟಿಎಂ ಸೆಲ್ ಎಂಬ ತುಂಡಿನ 53 ಬೈಟ್‌ನಲ್ಲಿ ಡೇಟಾಗೆ ಸಿಗುವುದು 48 ಮಾತ್ರ, ಹಾಗಾಗಿ 512 ಕೆಬಿಪಿಎಸ್ ಲೈನಿಗೆ ಹೆಕ್ಸ್‌ನ ಕ್ಯೂ (ಪ್ಯಾಕೆಟ್‌ಗಳ ಸರದಿ) ಮಿತಿಯನ್ನು 430ರ ಸುಮಾರಿಗೆ ಇಟ್ಟು, ಕ್ಯೂ ಬಗೆಯಾಗಿ ಕೇಕ್ (ಸರದಿ ಹಂಚುವ ವಿಧಾನ) ಆರಿಸಿ. ಇಲ್ಲದಿದ್ದರೆ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿದರೂ ಮೌಸ್ ಹಿಂದೆ ಬೀಳುತ್ತದೆ. ಟ್ಯಾಲಿಯ ಡೇಟಾ ಫೋಲ್ಡರನ್ನು ಈ ಲೈನಿನ ಮೇಲೆ ಶೇರ್ ಮಾಡಿ ತೆರೆಯಲೇಬೇಡಿ. ನಡುವೆ ಲೈನು ಕಡಿದರೆ ಡೇಟಾ ಕೆಡುವ ಅಪಾಯವಿದೆ. ಫೈಲು ಆಫೀಸಿನಲ್ಲೇ ಇರಲಿ, ಪರದೆ ಮಾತ್ರ ಮೈಸೂರಿಗೆ ಬರಲಿ: 16 ಬಿಟ್ ಬಣ್ಣ, ವಾಲ್‌ಪೇಪರ್ ಬಂದ್. ಆಫೀಸಿನ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಬೇಕು, ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್ ಕೊಡುವುದಿಲ್ಲ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಟ್ಟಿರುವ ಆಫೀಸುಗಳು ಇವತ್ತೇ ಮುಚ್ಚಬೇಕು.

ಕೊರತೆ ಇಲ್ಲವೆಂದಲ್ಲ. ಹೆಕ್ಸನ್ನು ಸೆಟ್ ಮಾಡುವ ವಿನ್‌ಬಾಕ್ಸ್ ಸಾಫ್ಟ್‌ವೇರಿನ ಮೆನುಗಳು ಹೊಸಬರಿಗೆ ಕಾಡಿನಂತೆ. ಡಯಲ್ ಆದಾಗಲೆಲ್ಲ ಬದಲಾಗುವ ಐಪಿಗೆ ಮೈಕ್ರೋಟಿಕ್‌ನ ಐಪಿ ಕ್ಲೌಡ್ ಸೇವೆ ಬದಲಾಗದ ಉಚಿತ ಹೆಸರು ಕೊಡುತ್ತದೆ, ಆದರೆ ವೈರ್‌ಗಾರ್ಡ್ ಆ ಹೆಸರನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಹುಡುಕುವುದರಿಂದ ಲ್ಯಾಪ್‌ಟಾಪಿನಲ್ಲಿ ಟನಲ್ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ಆಮೇಲೂ ಲ್ಯಾಪ್‌ಟಾಪಿನಲ್ಲಿ ಕಳಿಸಿದ ಬೈಟ್ ಏರುತ್ತಿದ್ದು, ಬಂದ ಬೈಟ್ ಮಾತ್ರ ಸೊನ್ನೆಯಲ್ಲೇ ಇದ್ದರೆ ಮೊದಲು ಫೈರ್‌ವಾಲ್ ನಿಯಮದ ಸಾಲು, ನಂತರ ಕೀ, ಕೊನೆಗೆ ಸಿಜಿನ್ಯಾಟ್, ಇದೇ ಕ್ರಮದಲ್ಲಿ ನೋಡಿ.