ಐದು ಸೀಸನ್ ಹಾರಿದ ಪ್ಯಾರಾಗ್ಲೈಡರ್: ದಾರಕ್ಕೆ ಫುಲ್ ಮಾರ್ಕ್ಸ್, ಬಟ್ಟೆಗೆ ಮಾತ್ರ ಕೇಳಬೇಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಈ ಬಟ್ಟೆ ರೆಕ್ಕೆ ಹರಿದಿಲ್ಲ. ಒಂದು ತೂತೂ ಬಿದ್ದಿಲ್ಲ. ಆದರೂ ಕಳೆದ ತಿಂಗಳು ಪರೀಕ್ಷೆ ಮಾಡಿದವರು "ಇನ್ನು ಇದರಲ್ಲಿ ಹಾರಬೇಡಿ" ಅಂತ ಚೀಟಿ ಬರೆದುಕೊಟ್ಟರು. ಹೊಟ್ಟೆ ಉರಿಯುವುದು ಅದಕ್ಕೇ.

ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 1,10,000 ರೂಪಾಯಿಗೆ. ಹೊಸತು ಕೊಳ್ಳುವ ಮಾತು ನನ್ನ ಸಂಬಳದಲ್ಲಿ ಇಲ್ಲ. ಕಲಿಯುವವರಿಗೆಂದೇ ಮಾಡಿದ ಸಾಧು ರೆಕ್ಕೆ. ಅಳತೆ, ತೂಕದ ಮಿತಿ ಎಲ್ಲ ಇಲ್ಲಿ ಬೇಡ, ಬಿಡಿ.

ನನ್ನ ಭಾನುವಾರ ಹೀಗೆ: ಪುಣೆ ಪಕ್ಕದ ಚಿಂಚವಡದಲ್ಲಿ ಬೆಳಗಿನ ಲೋಣಾವಳ ಲೋಕಲ್ ಹತ್ತುವುದು. ಬೆನ್ನ ಮೇಲೆ ಹದಿನೈದು ಕಿಲೋ ಮೂಟೆ. ಪಕ್ಕದವರು ಪ್ರತಿ ಸಲ ಕೇಳುತ್ತಾರೆ, ಹಾಸಿಗೆನಾ ಅಂತ. ಕಾಮಶೇತ್‌ನಲ್ಲಿ ಇಳಿದು ಒಂದು ವಡಾಪಾವ್, ಚಹಾ, ಆಮೇಲೆ ಗುಡ್ಡ. ಹಾರಿ ಇಳಿದ ಮೇಲೆ ಮಡಿಚುವ ಕೆಲಸ ನನಗೆ ಹಾರುವುದಕ್ಕಿಂತ ಇಷ್ಟ. ರೆಕ್ಕೆಯೊಳಗೆ ಗಾಳಿ ತುಂಬುವ ಖಾನೆಗಳಿರುತ್ತವೆ, ಆ ಗೂಡು ಒಂದೊಂದೇ ಎತ್ತಿ ಅಲುಗಿಸಿ, ಹುಲ್ಲಿನ ಕಡ್ಡಿ, ಮಣ್ಣು ಉದುರಿಸಿ, ಮಿಡತೆ ಏನಾದರೂ ಸೇರಿಕೊಂಡಿದೆಯಾ ನೋಡಬೇಕು. ಒಳಗೆ ಸಿಕ್ಕಿಬಿದ್ದ ಮಿಡತೆ ನೈಲಾನನ್ನೇ ಕಡಿದು ದಾರಿ ಮಾಡಿಕೊಳ್ಳುತ್ತದೆ.

ತಂದ ಹೊಸದರಲ್ಲಿ ಚೀಲ ಬಿಚ್ಚಿದರೆ ಚರಚರ ಸದ್ದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ ಬಿಡಿಸಿದ ಹಾಗೆ. ಮೂರನೇ ವರ್ಷಕ್ಕೆ ಆ ಸದ್ದು ಹೋಯಿತು, ಬಟ್ಟೆ ಮೆತ್ತಗಾಯಿತು. ಪಳಗಿತು ಅಂದುಕೊಂಡು ಖುಷಿಪಟ್ಟೆ. ಮಡಿಚಿದರೆ ಚೀಲದಲ್ಲಿ ಜಾಗವೂ ಉಳಿಯುತ್ತಿತ್ತು! ರಾಮನಗರದಿಂದ ಅಮ್ಮ ಬಂದಿದ್ದಾಗ ಎರಡು ಬೆರಳಲ್ಲಿ ಉಜ್ಜಿ ನೋಡಿ, "ಒಳ್ಳೆ ರೇಷ್ಮೆ ತರ ಐತಲ್ಲೋ" ಅಂದರು. ಮೂವತ್ತು ವರ್ಷ ಹುಳ ಸಾಕಿದ ಕೈ ಅದು. ಬೀಗಿದೆ.

ಅಮ್ಮ ಹೇಳಿದ್ದು ಸರಿಯಾಗೇ ಇತ್ತು, ನನಗೆ ಅರ್ಥವಾಗಲಿಲ್ಲ ಅಷ್ಟೇ. ಹಿಂದೆ ಪ್ಯಾರಾಚೂಟ್ ಆಗುತ್ತಿದ್ದದ್ದು ರೇಷ್ಮೆಯಲ್ಲೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಜಪಾನಿನ ರೇಷ್ಮೆ ನಿಂತುಹೋಯಿತು. ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಆಗ ಪ್ಯಾರಾಚೂಟಿನಿಂದಲೇ ಬೇಡಿಕೆ ಬಂತು. ಅತ್ತ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ 1935ರಲ್ಲಿ ಮಾಡಿದ್ದ ನೈಲಾನ್ ರೇಷ್ಮೆಯ ಜಾಗಕ್ಕೆ ಬಂತು. 1942ರ ಜೂನ್‌ನಲ್ಲಿ ಅಡೆಲಿನ್ ಗ್ರೇ ಎಂಬ ಹುಡುಗಿ ನೈಲಾನ್ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ತೋರಿಸಿದಳು. ಆದರೆ ಅದು ನಿಧಾನವಾಗಿ ಕೆಳಗೆ ಬೀಳುವ ಕೊಡೆ. ಬಟ್ಟೆಯೊಳಗಿಂದ ಸ್ವಲ್ಪ ಗಾಳಿ ಸೋರಿದರೂ ಅದಕ್ಕೆ ನಡೆಯುತ್ತದೆ, ಒಳ್ಳೆಯದೇ. ನನ್ನದು ಹಾಗಲ್ಲ. ಮುಂದಿನ ಬಾಯಿಗಳಲ್ಲಿ ತುಂಬಿಕೊಂಡ ಗಾಳಿಯೇ ಇದರ ಮೂಳೆ. ಅದಕ್ಕೇ ನೈಲಾನ್ ಮೇಲೆ ತೆಳು ಪ್ಲಾಸ್ಟಿಕ್ ಲೇಪ ಬಳಿದಿರುತ್ತಾರೆ. ಚರಚರ ಅನ್ನುತ್ತಿದ್ದದ್ದು ಆ ಲೇಪ. ರೇಷ್ಮೆ ತರ ಆಯಿತು ಅಂದರೆ ಲೇಪ ಹೋಯಿತು ಅಂತ.

ನಾಲ್ಕನೇ ಸೀಸನ್‌ನಲ್ಲಿ ಹಾರಲು ಓಡುತ್ತಾ ರೆಕ್ಕೆ ತಲೆ ಮೇಲೆ ಎಬ್ಬಿಸಿದರೆ ಅರ್ಧಕ್ಕೇ ಬಂದು ಹಿಂದೆ ಜೋಲುತ್ತಿತ್ತು. ನಾನು ನನ್ನ ಹೊಟ್ಟೆಯನ್ನು ಬೈದುಕೊಂಡು ಇನ್ನೂ ಜೋರಾಗಿ ಓಡಿದೆ. ಕೊನೆಗೆ ಪರೀಕ್ಷೆಗೆ ಕಳಿಸಿದೆ. ಬಟ್ಟೆಗೆ ಒಂದು ಸಣ್ಣ ಯಂತ್ರ ಕಚ್ಚಿಸಿ, ಕಾಲು ಲೀಟರ್ ಗಾಳಿ ದಾಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಾರೆ. ಹೊಸ ಬಟ್ಟೆಯಲ್ಲಿ ನೂರಾರು ಸೆಕೆಂಡ್. ನನ್ನದರಲ್ಲಿ, ಮೇಲ್ಮೈಯ ನಡುವೆ, 9.

ಮಾರಿದವರು ಅರವತ್ತೇ ಗಂಟೆ ಹಾರಿಸಿದ್ದು ಅಂದಿದ್ದರು. ಸುಮ್ನೆ ನಂಬಿದೆ, ಆ ಸೆಕೆಂಡಿನ ಚೀಟಿ ಕೇಳಲಿಲ್ಲ. ಅವರನ್ನೇ ಬೈಯೋಣ ಅಂದರೆ ನನ್ನ ತಪ್ಪೂ ಇದೆ. ಏಪ್ರಿಲ್ ಬಿಸಿಲಲ್ಲಿ ಗುಡ್ಡದ ಮೇಲೆ ರೆಕ್ಕೆ ಹರವಿ, ಗಾಳಿ ಬರಲಿ ಅಂತ ಗಂಟೆಗಟ್ಟಲೆ ಹರಟೆ ಹೊಡೆದವನು ನಾನೇ. ನೈಲಾನ್‌ಗೆ ಬಿಸಿಲಿನಷ್ಟು ದೊಡ್ಡ ಶತ್ರು ಇಲ್ಲ. ಈಗ ಬೇರೆಯವರು ಹರವಿದ್ದು ಕಂಡರೂ ಕೈ ಸುಮ್ಮನಿರಲ್ಲ, ಹೋಗಿ ಮುದ್ದೆ ಮಾಡಿಬಿಡುತ್ತೇನೆ.

ನನ್ನನ್ನು ರೆಕ್ಕೆಗೆ ತೂಗುಹಾಕುವ ದಾರಗಳ ಬಗ್ಗೆ ಮಾತ್ರ ಒಂದು ಕೆಟ್ಟ ಮಾತೂ ಇಲ್ಲ. ಡೈನೀಮಾ ದಾರ. ಕೊತ್ತಂಬರಿ ಸೊಪ್ಪು ಹಾಕಿಕೊಡುವ ಕವರ್ ಇದೆಯಲ್ಲ, ಅದೇ ಪಾಲಿಥಿನ್ ಜಾತಿ, ಅಣುಸರಪಳಿ ಮಾತ್ರ ಬಹಳ ಉದ್ದ. ಐದು ವರ್ಷ ನನ್ನನ್ನು ಹೊತ್ತಿದೆ. ಭಾರ ಕಮ್ಮಿ ಬೀಳುವ ಹಿಂದಿನ ಸಾಲು ಸ್ವಲ್ಪ ಕುಗ್ಗುತ್ತದೆ, ಆಗಾಗ ಅಳತೆ ನೋಡಿಸಬೇಕು. ಬೀಡಿ ಸಿಗರೇಟು ಹತ್ತಿರ ತರಬೇಡಿ, ಬೇಗ ಕರಗುತ್ತದೆ.

ಹಾಗಾದರೆ ಕೊಳ್ಳಬಹುದಾ? ಖಂಡಿತ, ಇದೇ ಮಾಡೆಲ್ ಹಳೆಯದು ಹುಡುಕುತ್ತಿದ್ದೇನೆ. ಇಷ್ಟು ಸೌಮ್ಯ ರೆಕ್ಕೆ ಬೇರೆ ಹಾರಿಸಿಲ್ಲ. ಆದರೆ ಈ ಸಲ ಚೀಟಿ ಮೊದಲು, ದುಡ್ಡು ಆಮೇಲೆ.

ಹಳೆಯದನ್ನು ಏನು ಮಾಡೋದು ಅಂತ ಅಮ್ಮನನ್ನು ಕೇಳಿದೆ. ರಾಗಿ ಮೆದೆಗೆ ಹೊದಿಸಲು ಕೊಡು ಅಂದರು. ಲೇಪ ಹೋಗಿದೆ, ನೀರೂ ಸೋರುತ್ತೆ ಕಣಮ್ಮ ಅಂದೆ.

"ಗಾಳಿ ತಡೆಯಲ್ಲ, ನೀರು ತಡೆಯಲ್ಲ. ಎಷ್ಟು ಕೊಟ್ಟೆ ಇದಕ್ಕೆ?"

ಇಪ್ಪತ್ತು ಸಾವಿರ ಅಂದಿದ್ದೇನೆ.