ಭಿಗವಣ, ಐರೋಲಿ, ಮೊಲೆಮ್: ಚಳಿಗಾಲದ ಪಕ್ಷಿವೀಕ್ಷಣೆಗೆ ಯಾವುದು?

ಪುಣೆಯ ಕನ್ನಡ ಬಳಗದ ಆರೇಳು ಮಂದಿ, ಹಿರಿಯರೂ ಮಕ್ಕಳೂ ಸೇರಿ, ಮಾರ್ಗದರ್ಶಕರೊಡನೆ ಎಲ್ಲಿಗೆ ಹೋಗಬಹುದೆಂದು ಕೇಳಿದ್ದೀರಿ.

ಖರ್ಚನ್ನೇ ನೋಡಿದರೆ ಭಿಗವಣ ಹಗುರ. ಸುಮಾರು 100 ಕಿ.ಮೀ. ದೂರದ ಉಜನಿ ಹಿನ್ನೀರಿಗೆ ನಸುಕಿನಲ್ಲಿ ಹೊರಟರೆ ಸಂಜೆಗೆ ಮನೆ ಸೇರಬಹುದು. ನವಿ ಮುಂಬೈಯಲ್ಲಿ ಠಾಣೆ ಖಾರಿಯ (ಸಮುದ್ರದ ಹಿನ್ನೀರಿನ ಕವಲು) ದಡದಲ್ಲಿರುವ ಐರೋಲಿ ಮುಂಬೈಯವರಿಗೆ ಅನುಕೂಲ. ಗೋವಾದ ಮೊಲೆಮ್‌ಗೆ ವಸತಿಯ ವೆಚ್ಚವೂ ಸೇರುತ್ತದೆ.

ಮಂಡಿನೋವಿರುವ ಹಿರಿಯರಿಗೆ ದೋಣಿಯಲ್ಲಿ ಕುಳಿತೇ ನೋಡುವ ಮೊದಲೆರಡು ತಾಣಗಳು ಹಿತ. ಭಿಗವಣದಲ್ಲಿ ಸ್ಥಳೀಯ ಮೀನುಗಾರರೇ ದೋಣಿ ನಡೆಸಿ, ರಾಜಹಂಸಗಳನ್ನೂ (ಫ್ಲೆಮಿಂಗೊ) ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೂ ತೋರಿಸುತ್ತಾರೆ. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ರಾಮ್ಸರ್ ಮನ್ನಣೆ ಪಡೆದ ಠಾಣೆ ಖಾರಿಯಲ್ಲಿ ರಾಜಹಂಸಗಳ ಹಿಂಡು ಇನ್ನೂ ದೊಡ್ಡದು. ಆದರೆ ಐರೋಲಿಯಿಂದ ದೋಣಿ ಹೊರಡುವುದು ಉಬ್ಬರವಿಳಿತದ ಲೆಕ್ಕದಲ್ಲಿ, ಆದ್ದರಿಂದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಮೊಲೆಮ್ ನಡೆಯಬಲ್ಲವರ, ಕಾಯಬಲ್ಲವರ ಕಾಡು. ಹಗಲೆಲ್ಲ ಒಣಗಿದ ಎಲೆಯಂತೆ ಕದಲದೆ ಕೂರುವ ಕಪ್ಪೆಬಾಯಿ ಹಕ್ಕಿಯನ್ನು ಪಳಗಿದ ಮಾರ್ಗದರ್ಶಕರಿಲ್ಲದೆ ಕಾಣುವುದು ಬಹಳ ಕಷ್ಟ. ಅನುಭವವುಳ್ಳ ಸಣ್ಣ ಗುಂಪಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಚಿತ್ರಕ್ಕಾಗಿ ಹಿಂಡನ್ನು ಹಾರಿಸುವ ದೋಣಿಯವರನ್ನೂ, ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಕರೆಯುವ ಮಾರ್ಗದರ್ಶಕರನ್ನೂ ದಯವಿಟ್ಟು ಗೊತ್ತುಮಾಡಿಕೊಳ್ಳಬೇಡಿ.